ಲೋಳೆಗೊಂದು ಮರ್ಯಾದೆಯ ಹೆಸರು

ಬೆಂಡೆಕಾಯಿಯ ತುದಿ ಮುರಿದು ನೋಡಿ ಕೊಳ್ಳುವ ಚಟ ನನ್ನದು. ಚಟಕ್ಕನೆ ಮುರಿದರೆ ಎಳೆಯದು, ಬಾಗಿ ನಾರು ಬಿಟ್ಟರೆ ಬಲಿತದ್ದು. ಇದು ನಿಮಗೂ ಗೊತ್ತು, ಮಾರುವವರಿಗೂ ಗೊತ್ತು. ಪುಣೆಯ ಧನಕವಡಿಯಲ್ಲಿ ನಮ್ಮ ಓಣಿಯ ತುದಿಗೆ ತರಕಾರಿಯ ಕೈಗಾಡಿ ನಿಲ್ಲಿಸುವ ಮಾವಶಿ ನನ್ನನ್ನು ದೂರದಿಂದ ಕಂಡ ಕೂಡಲೇ "ಕಾಕಾ, ಮೋಡೂ ನಕಾ!" ಎಂದು ಕೂಗುತ್ತಾಳೆ. ಮುರಿಯಬೇಡಿ ಎಂದು. ನಾನು ಅಂಥವನಲ್ಲ ಎಂಬ ಮುಖ ಮಾಡಿಕೊಂಡು ಹತ್ತಿರ ಹೋಗುತ್ತೇನೆ. ಅವಳು ಬೇರೆಯವರಿಗೆ ತೂಗಿಕೊಡುವಾಗ ಮುರಿಯುತ್ತೇನೆ.

ಮೊನ್ನೆ ಹೀಗೆ ಮುರಿದಾಗ ಬೆರಳಿಗೆ ಲೋಳೆ ಹತ್ತಿತು. ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ ಬಿಡಿಸಿದೆ. ನಡುವೆ ಸಣ್ಣದೊಂದು ಎಳೆ ಎದ್ದಿತು. ನನಗೇ ಗೊತ್ತಿಲ್ಲದೆ "ನೆಬಾ ನೆಬಾ" ಎಂದುಬಿಟ್ಟೆ. ಮಾವಶಿ ತಕ್ಕಡಿ ನಿಲ್ಲಿಸಿ "ಕಾಯ್ ಮ್ಹಣಾಲಾತ?" ಎಂದಳು. ಏನೂ ಇಲ್ಲ ಎಂದೆ. ನಡುಬೀದಿಯಲ್ಲಿ ನಿಂತು ಬೆಂಡೆಕಾಯಿಯ ಜೊತೆ ಜಪಾನಿ ಮಾತಾಡುವ ಗಂಡಸು ಯಾವ ವಿವರಣೆ ಕೊಟ್ಟರೂ ಅವನ ಮರ್ಯಾದೆ ವಾಪಸ್ಸು ಬರುವುದಿಲ್ಲ. ನಿಮಗಾದರೆ ಹೇಳಬಹುದು, ನೀವು ಹೇಗೂ ಪುರುಸೊತ್ತಾಗಿ ಕೂತಿದ್ದೀರಿ.

ನೆಬಾ ನೆಬಾ ಎಂಬುದು ಜಪಾನಿನ ಜೋಡಿಪದ, ನಮ್ಮ ಗರಿಗರಿ, ಗಮಗಮ, ಥಳಥಳಗಳ ಹಾಗೆ. ಸದ್ದೇ ಇಲ್ಲದ್ದಕ್ಕೂ ಒಂದು ಸದ್ದು ಕಟ್ಟಿಕೊಡುವ ಚಾಳಿ ನಮಗೂ ಇದೆ, ಅವರಿಗೂ ಇದೆ. ಬೆಳಗಿದ ತಂಬಿಗೆ ಥಳಥಳ ಎಂದು ಸದ್ದು ಮಾಡಿದ್ದನ್ನು ನಾನಂತೂ ಕೇಳಿಲ್ಲ. ಹಾಗೆಯೇ ಇದು. ಅಂಟಂಟಾಗಿ, ಲೋಳೆಲೋಳೆಯಾಗಿ, ಚಮಚದಿಂದ ಎತ್ತಿದರೆ ಎಳೆ ಬಿಡುತ್ತ ಬರುವುದು ನೆಬಾ ನೆಬಾ. ಆದರೆ ಒಂದು ವ್ಯತ್ಯಾಸವಿದೆ. ಕನ್ನಡದಲ್ಲಿ ಲೋಳೆ ಎಂಬ ಪದವನ್ನು ಮುಖ ಸಿಂಡರಿಸದೆ ಹೇಳುವುದು ಸಾಧ್ಯವಿಲ್ಲ, ಬೇಕಾದರೆ ಕನ್ನಡಿ ಮುಂದೆ ನಿಂತು ಹೇಳಿ ನೋಡಿ. ಮರಾಠಿಯವರು ಬುಳಬುಳೀತ ಅನ್ನುತ್ತಾರೆ. ಅದಕ್ಕೆ ಮುಖದ ಜೊತೆ ಭುಜವನ್ನೂ ಕುಗ್ಗಿಸಬೇಕಾಗುತ್ತದೆ. ಜಪಾನಿಯವರು ಮಾತ್ರ ಊಟದ ಎದುರು ಕೂತು ನೆಬಾ ನೆಬಾ ಎಂದರೆ ಬಾಯಲ್ಲಿ ನೀರೂರಿದೆ ಎಂದೇ ತಿಳಿಯಬೇಕು. ಅವರ ಕಡೆ ಬೆಂಡೆಕಾಯಿ, ತುರಿದ ಒಂದು ಬಗೆಯ ಗೆಣಸು, ಕೊಳೆಸಿದ ಸೋಯಾಕಾಳು, ಇಂಥ ಲೋಳೆ ಪದಾರ್ಥಗಳನ್ನೆಲ್ಲ ಹುಡುಕಿ ತಂದು ಒಂದೇ ಬಟ್ಟಲಿನ ಅನ್ನದ ಮೇಲೆ ಹಾಕಿಕೊಂಡು ಉಣ್ಣುತ್ತಾರೆ. ಬೇಡದ ಅಂಟಿಗೆ ಅವರಲ್ಲಿ ಬೇರೆ ಪದ ಇದೆ, ಬೆತಾ ಬೆತಾ. ಮೇ ತಿಂಗಳಲ್ಲಿ ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವನ ಬೆನ್ನಿಗೆ ಅಂಟಿದ ಅಂಗಿ ಬೆತಾ ಬೆತಾ. ನಾವಾದರೆ ಅಂಗಿಯನ್ನೂ ಬೆಂಡೆಯನ್ನೂ ಒಂದೇ ಪದದಿಂದ ಬೈದು ಸುಮ್ಮನಾಗುತ್ತೇವೆ.

ಹೋದ ವರ್ಷ ನಮ್ಮ ಅವ್ವನ ಹೊಟ್ಟೆಗೆ ನಾಲ್ಕು ಚಮಚ ಅನ್ನ ಹೋಗಲಿ ಎಂದು ಈ ಪದದ ಕಾಲು ಹಿಡಿಯಬೇಕಾಯಿತು. ಅದನ್ನೇ ಹೇಳಲು ಹೊರಟಿದ್ದೇನೆ. ಅದಕ್ಕೆ ಮೊದಲು ಅವ್ವನ ಬೆಂಡೆಕಾಯಿ ಪಲ್ಯದ ವಿಷಯ ನಿಮಗೆ ಗೊತ್ತಿರಬೇಕು.

ನಾವು ಮೂಲತಃ ಧಾರವಾಡದ ಕಡೆಯವರು. ಅಪ್ಪನ ನೌಕರಿಯ ದೆಸೆಯಿಂದ ಪುಣೆಗೆ ಬಂದು ಇಲ್ಲಿಯೇ ಬೇರುಬಿಟ್ಟೆವು. ಅವ್ವ ಮರಾಠಿಯನ್ನು ಕಲಿತದ್ದು ಬೆಂಡೆಕಾಯಿಯ ಮೂಲಕ. ಅವಳ ಪಲ್ಯದಲ್ಲಿ ಒಂದು ಹೋಳಿಗೆ ಇನ್ನೊಂದು ಹೋಳಿನ ಪರಿಚಯವೇ ಇರುತ್ತಿರಲಿಲ್ಲ, ಎಲ್ಲ ಬಿಡಿಬಿಡಿ. ಅಕ್ಕಪಕ್ಕದ ಹೆಂಗಸರು ಅದನ್ನು ಕಲಿಯಲು ಬರುತ್ತಿದ್ದರು. ಅವ್ವ ಪಾಠ ಹೇಳುತ್ತ ಹೇಳುತ್ತ ಅವರ ಭಾಷೆ ಕಲಿತಳು. ಪಾಠ ಕಠಿಣವಾಗಿತ್ತು. ಬೆಂಡೆಯನ್ನು ಹಿಂದಿನ ದಿನವೇ ತೊಳೆಯಬೇಕು. ಅಪ್ಪನ ಹಳೆಯ ಧೋತರದ ತುಂಡಿನಿಂದ ಒಂದೊಂದನ್ನೂ ಒರೆಸಬೇಕು. ಕತ್ತರಿಸಿದ ಮೇಲೆ ನೀರಿನ ಹನಿ ಕೂಡ ತಾಗಬಾರದು. ಬಾಣಲೆಗೆ ಮುಚ್ಚಳ ಹಾಕುವ ಮಾತೇ ಇಲ್ಲ. ಹುಣಸೆಹಣ್ಣು ನಡುವೆ, ಉಪ್ಪು ಕೊನೆಗೆ. ಇಷ್ಟೆಲ್ಲ ಆಗಿಯೂ ಲೋಳೆ ಉಳಿಯಿತೆಂದರೆ ಅವ್ವನ ತೀರ್ಪು ಒಂದೇ.

"ಲೋಳಿ ಉಳೀತಂದ್ರ ಮನಿಯಾಕಿ ಲಕ್ಷ್ಯ ಅಡಗಿ ಮ್ಯಾಲೆ ಇಲ್ಲಂತ ತಿಳೀರಿ."

ಬೆಂಡೆ ಒರೆಸುವ ಕೆಲಸ ನನ್ನದಾಗಿತ್ತು. ನಾನು ಅದರ ಟೊಪ್ಪಿಗೆಗಳನ್ನು ಹಣೆಗೆ, ಮೂಗಿಗೆ, ಗಲ್ಲಕ್ಕೆ ಅಂಟಿಸಿಕೊಂಡು ಕೂತು ಒರೆಸುತ್ತಿದ್ದೆ. ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ನನಗೆ ಲೋಳೆ ಇಷ್ಟ. ಈಳಿಗೆಯ ಮೇಲೆ ಉಳಿದದ್ದನ್ನು ಬೆರಳಿನಿಂದ ತೆಗೆದು ನೆಕ್ಕುತ್ತಿದ್ದೆ. ರಜೆಗೆ ಧಾರವಾಡಕ್ಕೆ ಹೋದಾಗ ಉಳಿದ ಹುಡುಗರು ಚಳ್ಳೆಹಣ್ಣಿನ ಅಂಟಿನಿಂದ ಗಾಳಿಪಟ ಮೆತ್ತಿದರೆ ನಾನು ಆ ಅಂಟನ್ನೇ ತಿಂದು ಗಾಳಿಪಟವನ್ನು ಹಾಗೆಯೇ ಹಿಡಿದುಕೊಂಡು ನಿಲ್ಲುತ್ತಿದ್ದೆ. ಯಾರಾದರೂ ಮೋಸ ಮಾಡಿದರೆ ಚಳ್ಳೆಹಣ್ಣು ತಿನ್ನಿಸಿದ ಎಂದು ನಮ್ಮವರು ಅನ್ನುತ್ತಾರಲ್ಲ, ನನಗೆ ಅದು ಯಾಕೆಂದೇ ತಿಳಿಯುತ್ತಿರಲಿಲ್ಲ. ಯಾರಾದರೂ ನನಗೆ ಹಾಗೆ ಮೋಸ ಮಾಡಲಿ ಎಂದು ಕಾಯುತ್ತಿದ್ದೆ. ಒಮ್ಮೆ ಅವ್ವನ ಎದುರು ಈ ಇಷ್ಟವನ್ನು ಬಾಯಿಬಿಟ್ಟೆ. ಅವಳು ನನ್ನ ಹಣೆ ಮುಟ್ಟಿ ನೋಡಿ ಕಷಾಯ ಕುಡಿಸಿದಳು. ಅಂದಿನಿಂದ ಈ ವಿಷಯದಲ್ಲಿ ನಾನು ಮೌನವಾಗಿದ್ದೆ.

ಮೌನ ಮುರಿದದ್ದು ತಳೇಗಾಂವ ದಾಭಾಡೆಯಲ್ಲಿ. ಅಲ್ಲಿನ ಒಂದು ಜಪಾನಿ ಕಾರ್ಖಾನೆಯ ಸ್ಟೋರ್ಸಿನಲ್ಲಿ ನನ್ನ ಕೆಲಸ. ಕಂಪನಿಯವರು ಶನಿವಾರ ಜಪಾನಿ ಕ್ಲಾಸು ಇಟ್ಟಿದ್ದರು. ಪುಣೆಯಲ್ಲಿ ಜಪಾನಿ ಕಲಿತವರು ಗಲ್ಲಿಗೆ ಒಬ್ಬರು ಸಿಗುತ್ತಾರೆ, ನಮ್ಮ ಗಲ್ಲಿಯ ಪಾಲಿಗೆ ನಾನಿರಲಿ ಎಂದು ಸೇರಿದೆ. ಅತ್ಯಂತ ಕೆಳಗಿನ ಪರೀಕ್ಷೆ ಪಾಸಾಗಿ ಅಲ್ಲಿಯೇ ನೆಲೆಸಿದ್ದೇನೆ. ಅಂಗಡಿಗೆ ಹೋಗಿ ಈ ಕೊಡೆಗೆ ಎಷ್ಟು ಎಂದು ಕೇಳುವಷ್ಟು ಬರುತ್ತದೆ. ತಳೇಗಾಂವದಲ್ಲಿ ಜಪಾನಿಯವರ ಕೊಡೆ ಅಂಗಡಿ ಇಲ್ಲ.

ಕಾರ್ಖಾನೆಯ ಗುಣಮಟ್ಟ ವಿಭಾಗಕ್ಕೆ ಜಪಾನಿನಿಂದ ಬಂದ ಓನೋ ಸಾನ್ ಎಂಬ ಹಿರಿಯರಿದ್ದರು. ಅವರು ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಒಂದು ದಿನ ಕ್ಯಾಂಟೀನಿನ ಹೊಸ ಅಡಿಗೆಯವನು ಹೆಚ್ಚಿದ ಬೆಂಡೆಯನ್ನು ತೊಳೆದು, ನೀರು ಹೊಯ್ದು, ಮುಚ್ಚಳ ಹಾಕಿ ಬೇಯಿಸಿಬಿಟ್ಟ. ಅದು ಪಲ್ಯ ಎಂಬ ಹೆಸರಿಗೆ ಯಾವ ದಿಕ್ಕಿನಿಂದಲೂ ಒಪ್ಪುವಂತಿರಲಿಲ್ಲ. ಕ್ಯಾಂಟೀನಿನ ಮ್ಯಾನೇಜರು ಓನೋ ಸಾನ್ ಅವರ ಮೇಜಿನ ಬಳಿ ಕ್ಷಮೆ ಕೇಳಲು ಓಡಿಬಂದ. ಅವರು ಚಮಚದಿಂದ ಎತ್ತಿದರು. ತಟ್ಟೆಯಿಂದ ಎಳೆ ಎದ್ದು ಮೇಲೆ ಮೇಲೆ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿ "ನೆಬಾ ನೆಬಾ!" ಎಂದು ನಕ್ಕರು. ಮತ್ತೆ ಮತ್ತೆ ಬಡಿಸಿಕೊಂಡು ಉಂಡರು. ಪಕ್ಕದ ಮೇಜಿನಲ್ಲಿ ನಾನು ಸದ್ದಿಲ್ಲದೆ ನನ್ನ ತಟ್ಟೆ ಬಳಿಯುತ್ತಿದ್ದೆ. ಇಷ್ಟು ವರ್ಷ ನನ್ನದೊಂದು ಕಾಯಿಲೆ ಎಂದುಕೊಂಡಿದ್ದೆ, ಒಂದು ದೇಶವೇ ನನ್ನ ಪರವಾಗಿತ್ತು. ಅವತ್ತು ನನಗೆ ಎಷ್ಟು ಸಂತೋಷವಾಯಿತೆಂದರೆ ಮಧ್ಯಾಹ್ನ ಪೂರ್ತಿ ಕೆಲಸ ಮಾಡಿದೆ.

ಆಮೇಲೆ ಒಮ್ಮೆ ಅವ್ವನ ಕೈಯ ಪಲ್ಯವನ್ನು ಡಬ್ಬಿಯಲ್ಲಿ ಒಯ್ದು ಅವರಿಗೆ ಕೊಟ್ಟೆ. ಎಲ್ಲವನ್ನೂ ತಿಂದು, ಚೆನ್ನಾಗಿದೆ ಎಂದು ತಲೆಬಾಗಿ ಡಬ್ಬಿ ಮರಳಿಸಿದರು. ಸ್ವಲ್ಪ ಹೊತ್ತು ಬಿಟ್ಟು, ಇದರ ನೆಬಾ ನೆಬಾ ಏನಾಯಿತು ಎಂದು ಮೆಲ್ಲಗೆ ಕೇಳಿದರು. ಅಮ್ಮ ತೆಗೆದುಬಿಡುತ್ತಾರೆ ಎಂದೆ.

"ತೆಗೆದು ಎಲ್ಲಿ ಇಡುತ್ತಾರೆ?" ಎಂದರು.

ಇದನ್ನು ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು "ಪಾಪ, ಮನಿಯಾಗ ಹಿರೇರು ಹೇಳಿಕೊಟ್ಟಿರಲಿಕ್ಕಿಲ್ಲ" ಎಂದಳು.

ಹೋದ ವರ್ಷ ಅವ್ವನಿಗೆ ಲಕ್ವಾ ಹೊಡೆಯಿತು. ಕೈಕಾಲು ಬಹುಮಟ್ಟಿಗೆ ಸರಿಹೋದವು, ಮಾತು ದಪ್ಪವಾಯಿತು, ಆದರೆ ನಮಗೆ ಅರ್ಥವಾಗುತ್ತಿತ್ತು. ಗಂಟಲು ಮಾತ್ರ ನುಂಗುವುದನ್ನು ಮರೆತಿತ್ತು. ನೀರು ಕುಡಿಸಿದರೆ ಕೆಮ್ಮು, ಅವಲಕ್ಕಿ ಕೊಟ್ಟರೆ ಕೆಮ್ಮು. ನುಂಗುವುದನ್ನು ಕಲಿಸಲು ಮನೆಗೆ ಬರುತ್ತಿದ್ದ ಥೆರಪಿಸ್ಟ್ ಮೇಡಂ "ಪಾತಳ ನಕೋ, ಕೋರಡಂ ನಕೋ" ಎಂದು ಕಟ್ಟುನಿಟ್ಟಾಗಿ ಹೇಳಿದರು. ತೆಳ್ಳಗಿನದು ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತದೆ, ಒಣಗಿದ್ದು ಗಂಟಲಲ್ಲಿ ನಿಲ್ಲುತ್ತದೆ. ಗಟ್ಟಿಯಾಗಿ, ನುಣ್ಣಗೆ, ಒಂದೇ ಮುದ್ದೆಯಾಗಿ ಜಾರಿಹೋಗುವಂಥದ್ದು ಬೇಕು. ಅಂದರೆ ಅವ್ವ ಜೀವಮಾನವಿಡೀ ಯಾವುದನ್ನು ತನ್ನ ಅಡಿಗೆಮನೆಯಿಂದ ಒರೆಸಿ ಹೊರಗೆ ಹಾಕಿದ್ದಳೋ ಅದೇ ಬೇಕು.

ಮಜ್ಜಿಗೆಯನ್ನು ದಪ್ಪ ಮಾಡುವ ಪುಡಿ ಬಂತು. ಅವ್ವ ಒಂದು ಚಮಚ ಬಾಯಿಗೆ ತೆಗೆದುಕೊಂಡು ಉಗುಳಿದಳು.

"ನನಗ ಗೋಂದ ಕುಡಸಾಕ್ಹತ್ತೀರೇನು?"

ಅನ್ನವನ್ನು ಗಂಜಿ ಮಾಡಿ ರುಬ್ಬಿದರೆ ಬಾಯಿ ಬಿಗಿದಳು. ಮೈ ಇಳಿಯುತ್ತ ಹೋಯಿತು. ಬಳೆ ಮೊಣಕೈಯವರೆಗೆ ಏರುತ್ತಿತ್ತು. ಹೀಗೇ ಆದರೆ ಮುಂದಿನ ಸಲ ಮೂಗಿನಿಂದ ನಳಿಕೆ ಹಾಕಿ ಹೊಟ್ಟೆಗೆ ಕಳಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಅಪ್ಪನ ಕೊನೆಯ ದಿನಗಳಲ್ಲಿ ಅಂಥ ನಳಿಕೆ ಹಾಕಿದ್ದರು. ಕೀಳಬಾರದೆಂದು ಅವರ ಕೈ ಕಟ್ಟಿದ್ದನ್ನು ಅವ್ವ ಪಕ್ಕದಲ್ಲೇ ಕೂತು ನೋಡಿದ್ದಳು. ಆಸ್ಪತ್ರೆಯಿಂದ ಹೊರಗೆ ಬಂದಾಗ ನನ್ನ ಅಂಗಿಯ ತೋಳು ಹಿಡಿದು "ಅದೊಂದು ಬ್ಯಾಡ" ಎಂದಳು. ಬೇಡ ಎಂದರೆ ಉಣ್ಣಬೇಕು. ಉಣ್ಣು ಎಂದರೆ ಬಾಯಿ ತೆರೆಯಳು. ನನಗೆ ಭಯವಾಗತೊಡಗಿತು. ನಿದ್ದೆಯಿಂದ ಎದ್ದರೆ ಮೊದಲು ನೆನಪಾಗುತ್ತಿದ್ದದ್ದು ಆ ನಳಿಕೆ.

ಬೆಂಡೆಕಾಯಿ ನೆನಪಾದದ್ದು ಆಗಲೇ. ಮೇಡಂ ಅವರನ್ನು ಕೇಳಿದೆ. ಬೀಜ, ನಾರು ಏನೂ ಇಲ್ಲದಂತೆ ರುಬ್ಬಿ ಸೋಸಿ, ಅನ್ನದ ಗಂಜಿಗೆ ಕಲಸಿ ತೋರಿಸಿ ಎಂದರು. ನನ್ನ ಹೆಂಡತಿ ಸುನಂದಾ ಮಾಡಿ ತಂದಳು. ಮೇಡಂ ಚಮಚ ಓರೆ ಮಾಡಿ ನೋಡಿ ಇದು ಸರಿ ಎಂದರು. ಸರಿ ಎನ್ನದಿದ್ದವಳು ಅವ್ವ. ಬಟ್ಟಲನ್ನು ನೋಡಿ ಸುನಂದಾಳನ್ನು ನೋಡಿದಳು.

"ಕೆಟ್ಟ ಬೆಂಡಿಕಾಯಿ ತಿಂದು ಬದುಕೂದೇನ್ ನಾನು?"

ಸುನಂದಾ ಒಳಗೆ ಹೋಗಿ ಅತ್ತಳು. ಮದುವೆಯಾಗಿ ಬಂದ ಹೊಸತರಲ್ಲಿ ಅವ್ವನಿಂದ ಬೆಂಡೆಕಾಯಿಯಲ್ಲಿ ಪಾಸಾದವಳು ಅವಳು. ಈಗ ಅದೇ ವಿಷಯದಲ್ಲಿ ನಪಾಸಾಗಿದ್ದಳು.

ಅಷ್ಟರಲ್ಲಿ ಓನೋ ಸಾನ್ ಅವರಿಗೆ ಊರಿಗೆ ಮರಳುವ ಆದೇಶ ಬಂತು. ಜೊತೆಗೆ ಕೆಲಸ ಮಾಡಿದವರ ಮನೆಗಳಿಗೆ ಹೋಗಿ ವಿದಾಯ ಹೇಳುವುದು ಅವರ ರೀತಿ. ಅವ್ವನ ಕಾಯಿಲೆಯ ಸುದ್ದಿ ತಿಳಿದು ಭಾನುವಾರ ಮಧ್ಯಾಹ್ನ ನೋಡಲು ಬರುತ್ತೇನೆ ಎಂದರು. ಬರುವವರನ್ನು ಊಟವಿಲ್ಲದೆ ಕಳಿಸುವ ಮನೆ ನಮ್ಮದಲ್ಲ. ಏನು ಮಾಡಲಿ ಎಂದು ಸುನಂದಾ ಕೇಳಿದಳು. ಬೆಂಡೆಕಾಯಿ, ಕ್ಯಾಂಟೀನಿನ ಹಾಗೆ, ಎಂದೆ.

"ಅತ್ತಿ ಕಣ್ಣ ಮುಂದ ಹೆಂಗ್ ಮಾಡ್ಲಿರೀ?"

"ಕಣ್ಣ ಮುಚ್ಚಿಕೊಂಡು ಮಾಡು."

ಕೆಡಿಸುವುದೂ ಸುಲಭವಲ್ಲ ಎಂದು ಅವತ್ತು ತಿಳಿಯಿತು. ಹೆಚ್ಚಿದ ಹೋಳುಗಳನ್ನು ನೀರಿಗೆ ಹಾಕುವಾಗ ಅವಳ ಕೈ ತಾನಾಗಿ ಹಿಂದೆ ಬರುತ್ತಿತ್ತು. ನಾನು ಹಾಕಿದೆ. ಮುಚ್ಚಳವನ್ನು ಅವಳು ದೇವರ ಕಡೆ ಒಮ್ಮೆ ನೋಡಿ ಹಾಕಿದಳು. ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅವ್ವ "ಮುಚ್ಚಳಾ ತಗೀ!" ಎಂದು ಕೂಗಿದಳು. ಲಕ್ವಾ ಆದ ಮೇಲೆ ಅಷ್ಟು ಸ್ಪಷ್ಟವಾಗಿ ಅವಳು ಮಾತಾಡಿರಲಿಲ್ಲ.

ಓನೋ ಸಾನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಿಹಿಯ ಪೆಟ್ಟಿಗೆ ಹಿಡಿದು ಬಂದರು. ಅವ್ವನಿಗೆ ಬಾಗಿ ನಮಸ್ಕರಿಸಿದರು. ಅವ್ವನೂ ಕೂತಲ್ಲೇ ಬಾಗಿದಳು. ಅವರು ಮತ್ತೆ ಬಾಗಿದರು. ಇದು ಎಲ್ಲಿಗೆ ಮುಗಿಯುತ್ತದೋ ಎಂದು ನಾನು ಇಬ್ಬರನ್ನೂ ಮೇಜಿನ ಹತ್ತಿರ ಕರೆದೆ. ಬಂದವರನ್ನು ಒಬ್ಬರನ್ನೇ ಉಣ್ಣಲು ಕೂಡಿಸಬಾರದು ಎಂಬುದು ಅವ್ವನದೇ ಕಾಯಿದೆ, ಹಾಗಾಗಿ ಅವಳು ತಕರಾರು ಮಾಡದೆ ಎದುರಿಗೆ ಬಂದು ಕೂತಳು. ಅತಿಥಿಗೆ ಹೋಳುಗಳ ಪಲ್ಯ, ಅವಳಿಗೆ ಅದನ್ನೇ ರುಬ್ಬಿ ಸೋಸಿ ಕಲಸಿದ ಗಂಜಿ.

"ಉಣ್ರಿ" ಎಂದಳು ಅವ್ವ.

ಓನೋ ಸಾನ್ ಕೈಮುಗಿದು ಕೂತರು. ತಟ್ಟೆ ಮುಟ್ಟಲಿಲ್ಲ. ಅವ್ವ ಮತ್ತೆ "ಉಣ್ರೆಲಾ" ಎಂದಳು. ಅವರು ತಮಗೆ ಬರುವ ಹಿಂದಿಯಲ್ಲಿ "ಆಪ್ ಪೆಹಲೇ" ಎಂದರು. ಹಿರಿಯರು ಶುರು ಮಾಡದೆ ಅವರು ಶುರು ಮಾಡುವವರಲ್ಲ. ಅತಿಥಿ ಉಣ್ಣದೆ ಅವ್ವ ಬಾಯಿ ತೆರೆಯುವವಳಲ್ಲ. ಅವಳು ಹೇಗೂ ತೆರೆಯುವವಳಲ್ಲ, ಆ ಮಾತು ಬೇರೆ.

"ಅತ್ತೀ, ನೀವು ತಗೊಳ್ಳೂತನಾ ಅವ್ರು ಮುಟ್ಟಂಗಿಲ್ರಿ" ಎಂದಳು ಸುನಂದಾ.

"ಸುಳ್ಳ."

"ಖರೇನ ಅವ್ವಾ, ಅವರ ಕಡೆ ಹಂಗ ಅದ" ಎಂದೆ ನಾನು.

ಅನ್ನದ ಹಬೆ ನಿಂತಿತು. ಪಲ್ಯದ ಮೇಲೆ ಕೆನೆಗಟ್ಟಿತು. ಓನೋ ಸಾನ್ ಬೆನ್ನು ನೆಟ್ಟಗೆ ಮಾಡಿಕೊಂಡು ಮುಗಿದ ಕೈ ಬಿಡದೆ ಕೂತಿದ್ದರು. ಗುಣಮಟ್ಟ ವಿಭಾಗದ ಮನುಷ್ಯ, ಕಾಯುವುದು ಅವರಿಗೆ ಹೊಸದಲ್ಲ. ಅವ್ವ ಅವರ ತಟ್ಟೆ ನೋಡಿದಳು, ತನ್ನ ಬಟ್ಟಲು ನೋಡಿದಳು, ಮತ್ತೆ ಅವರ ತಟ್ಟೆ ನೋಡಿದಳು. ನಮ್ಮ ಮನೆಯಿಂದ ಯಾರೂ ಹಸಿದು ಎದ್ದುಹೋದದ್ದಿಲ್ಲ. ಕೊನೆಗೆ ಅವಳು ನನ್ನ ಕಡೆ ತಿರುಗಿ, ಇದನ್ನು ನೆನಪಿಟ್ಟಿರುತ್ತೇನೆ ಎಂಬಂತೆ ದಿಟ್ಟಿಸಿ, ಬಾಯಿ ತೆರೆದಳು.

ಚಮಚ ಇಟ್ಟೆ. ತೆಗೆಯುವಾಗ ಅವಳ ತುಟಿಯಿಂದ ಚಮಚದವರೆಗೆ ಎಳೆ ಎದ್ದಿತು. ಸುನಂದಾ ಒರೆಸಲು ಬಟ್ಟೆ ತಂದಳು. ಅವ್ವ ಅವಳ ಕೈ ಸರಿಸಿ, ಮೇಡಂ ಹೇಳಿಕೊಟ್ಟ ಹಾಗೆ ಗದ್ದವನ್ನು ಎದೆಗೆ ತಂದು, ಕಣ್ಣು ಮುಚ್ಚಿದಳು. ಕುತ್ತಿಗೆಯಲ್ಲಿ ಏನೋ ಮೇಲೆ ಹೋಗಿ ಕೆಳಗೆ ಬಂತು. ನಾವು ಕೆಮ್ಮಿಗೆ ಕಾದೆವು. ಕೆಮ್ಮು ಬರಲಿಲ್ಲ. ಇನ್ನೂ ಕಾದೆವು. ಓನೋ ಸಾನ್ ಊಟದ ಮುಂಚೆ ಹೇಳುವ ತಮ್ಮ ಮಾತು ಹೇಳಿ ಪಲ್ಯವನ್ನು ಸದ್ದು ಮಾಡುತ್ತ ತಿನ್ನತೊಡಗಿದರು. ನಾನು ಅಳುತ್ತಿದ್ದೆ. ಅತಿಥಿಯ ಎದುರು ಹೀಗೆ ಅಳಬಾರದು ಎಂದು ಗೊತ್ತಿದ್ದರೂ ಅಳು ನಿಲ್ಲಲಿಲ್ಲ.

"ನೆಬಾ ನೆಬಾ" ಎಂದರು ಓನೋ ಸಾನ್, ಅವ್ವನಿಗೆ ಚಮಚ ಎತ್ತಿ ತೋರಿಸುತ್ತ.

"ಏನಂತಾರ?" ಎಂದಳು ಅವ್ವ.

"ಇದರ ಹೆಸರು ಅವ್ವಾ. ನೆಬಾ ನೆಬಾ."

"ಹಿಂಗ ಇರಬೇಕೇನ ಇದು?"

"ಹಿಂಗ ಇರಬೇಕು."

"ಅಂದ್ರ ಕೆಟ್ಟಿಲ್ಲ."

"ಕೆಟ್ಟಿಲ್ಲವ್ವಾ."

ಅವಳು ಸುನಂದಾಳ ಕಡೆ ನೋಡಿದಳು. ತಪ್ಪು ತೀರ್ಪು ಕೊಟ್ಟೆ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಅವಳದಲ್ಲ. "ನೀನೂ ಕೂಡ್ರು ಉಣ್ಣಾಕ" ಎಂದಳು. ಮತ್ತೆ ಬಾಯಿ ತೆರೆದಳು.

ಆಮೇಲೆ ನಮ್ಮ ಮನೆಯಲ್ಲಿ ಬೆಂಡೆಕಾಯಿ ಎಂಬ ಶಬ್ದ ಅವ್ವನ ಕಿವಿಗೆ ಬೀಳದಂತೆ ನೋಡಿಕೊಂಡೆವು. ಒಮ್ಮೆ ಸುನಂದಾ ಮರೆತು "ಬೆಂಡಿಕಾಯಿ ಗಂಜಿ ಕೊಡ್ಲ್ಯಾ ಅತ್ತೀ" ಎಂದದ್ದಕ್ಕೆ ಸಂಜೆಯವರೆಗೆ ಬಾಯಿ ಬಿಗಿದಳು. ನೆಬಾ ನೆಬಾ ಎಂದರೆ ಮಾತ್ರ ಸರಿ. ಅದರೊಳಗೆ ಬೇಳೆ ಸೇರಿತು, ತುಪ್ಪ ಸೇರಿತು, ಮೇಡಂ ಅವರ ಒಪ್ಪಿಗೆಯ ಮೇಲೆ ಬಾಳೆಹಣ್ಣು ಬೇರೆ ಬಟ್ಟಲಲ್ಲಿ ಬಂತು. ಬಳೆ ಮುಂಗೈಗೆ ಇಳಿಯಿತು. ಆದರೂ ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಅವ್ವ ಸೀರೆಯ ಸೆರಗನ್ನು ಮೂಗಿಗೆ ಅಡ್ಡ ಹಿಡಿದುಕೊಂಡೇ ರಿಕ್ಷಾ ಹತ್ತಿದಳು.

ಡಾಕ್ಟರು ತೂಕ ನೋಡಿದರು, ಎದೆಗೆ ಸ್ಟೆಥಾಸ್ಕೋಪ್ ಇಟ್ಟು ಕೇಳಿದರು. ಅವರ ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ.

"ಆಜೀ, ಕಾಯ್ ಖಾತಾ ಸಧ್ಯಾ?" ಎಂದರು. ಅಜ್ಜಿ, ಈಗ ಏನು ತಿನ್ನುತ್ತೀರಿ ಎಂದು.

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಸೆರಗು ಸರಿಸಿ, "ಜಪಾನೀ" ಎಂದಳು.

ಡಾಕ್ಟರು ನನ್ನನ್ನೂ ಸುನಂದಾಳನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು. ನಾವು ತಲೆಯಾಡಿಸಿದೆವು. ಏನಾದರೂ ಇರಲಿ, ಅದನ್ನೇ ಮುಂದುವರಿಸಿ, ನಳಿಕೆಯ ಅಗತ್ಯವಿಲ್ಲ ಎಂದರು. ಸುನಂದಾ ಅವ್ವನ ಕೈ ಹಿಡಿದುಕೊಂಡಳು. ಅವ್ವ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ ನಮಗಿಂತ ಮೊದಲು ಎದ್ದು ನಿಂತಳು.

ಮರಳಿ ಬರುವಾಗ ರಿಕ್ಷಾದಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಆ ಡಾಕ್ಟರಗ ಬೆಂಡಿಕಾಯಿ ಅಂತ ಹೇಳಲಿಲ್ಲಲಾ?"

"ಇಲ್ಲವ್ವಾ."

"ಹೇಳಬ್ಯಾಡ."

ಕಾತ್ರಜದ ಕಡೆಯ ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಿತು. ಅವ್ವ ಚಾಲಕನ ಬೆನ್ನು ತಟ್ಟಿದಳು. ಎಷ್ಟೋ ತಿಂಗಳಿಂದ ನಾವು ಕೇಳದಿದ್ದ ಮಾತನ್ನು ಕನ್ನಡದಲ್ಲಿಯೇ, ಮರಾಠಿಯ ಆ ಮನುಷ್ಯನಿಗೆ ಹೇಳಿದಳು.

"ಲಗೂ ನಡೀಪಾ, ನನಗ ಹಸಿವಿ ಆಗೇದ."